ತೂತಿಲ್ಲದ ಮಣಿ

ಸಂಕ್ರಾಂತಿಯ ಕುಸುರೆಳ್ಳಿಗೆ, ಅಂದರೆ ಸಕ್ಕರೆ ಪಾಕ ಹೊದ್ದ ಎಳ್ಳಿಗೆ, ತೂತು ಇರುವುದಿಲ್ಲ. ಅದರಿಂದ ಒಡವೆ ಮಾಡುವಾಗ ಮಣಿಯ ಹಾಗೆ ಪೋಣಿಸಲು ಬರುವುದಿಲ್ಲ. ಒಂದೊಂದು ಕಾಳಿಗೂ ದಾರ ಸುತ್ತಿ ಗಂಟು ಹಾಕಬೇಕು. ಮೈಮೇಲಿನ ಸಣ್ಣ ಮುಳ್ಳುಗಳು ಆ ದಾರವನ್ನು ಹಿಡಿದುಕೊಳ್ಳುತ್ತವೆ. ವಿಜಯಪುರದ ನಮ್ಮ ಮನೆಯಲ್ಲಿ ಸಂಕ್ರಾಂತಿ ಹತ್ತಿರ ಬಂತೆಂದರೆ ಅವ್ವ, ಕಾಕು, ಓಣಿಯ ಇಬ್ಬರು ಮೂವರು ಸೇರಿ ಗಂಟು ಹಾಕುತ್ತಾ ಕೂರುತ್ತಿದ್ದರು. ಹೊಸ ಸೊಸೆಗೆ ಬೋರಮಾಳ, ವಂಕಿ, ಝುಮುಕಿ. ಕೂಸಿಗೆ ಕಿರೀಟ, ಕೊರಳಿಗೆ ಸರ, ಕೈಗೆ ಪುಟ್ಟ ಕೊಳಲು. ಕರಿ ಎರೆಯುವ ದಿನ ಕೂಸಿಗೆ ಅದನ್ನೆಲ್ಲ ತೊಡಿಸಿ, ತಲೆಯ ಮೇಲಿಂದ ಬಾರೆ ಹಣ್ಣು, ಕಬ್ಬಿನ ತುಂಡು ಸುರಿಯುತ್ತಿದ್ದರು. ಆರಿಸಿಕೊಳ್ಳಲು ನಾವು ಮಕ್ಕಳು ಮುಗಿಬೀಳುತ್ತಿದ್ದೆವು.

ಪುಣೆಗೆ ಬಂದು ಹದಿನಾರು ವರ್ಷವಾಯಿತು. ಇಲ್ಲೂ ಈ ಒಡವೆ ಇದೆ. ಹಲ್ವ್ಯಾಚೆ ದಾಗಿನೆ ಅನ್ನುತ್ತಾರೆ. ಹಬ್ಬದ ಹೊತ್ತಿಗೆ ತುಳಶಿಬಾಗ್ ಪೇಟೆಯಲ್ಲಿ ಪೂರ್ತಿ ಸೆಟ್ಟೇ ಸಿಗುತ್ತದೆ. ಸಂಕ್ರಾಂತಿಗೆ ಇಲ್ಲಿನವರು ಕರಿ ಸೀರೆ ಉಡುವುದನ್ನು ಮೊದಲ ಸಲ ಕಂಡಾಗ ನನಗೆ ಗಾಬರಿಯಾಗಿತ್ತು. ನಮ್ಮವ್ವ ಹಬ್ಬದ ದಿನ ಕರಿ ಬಟ್ಟೆ ಮುಟ್ಟಗೊಡುತ್ತಿರಲಿಲ್ಲ. ಆದರೆ ಕಪ್ಪಿನ ಮೇಲೆ ಬಿಳಿ ಕುಸುರೆಳ್ಳು ಎಷ್ಟು ಎದ್ದು ಕಾಣುತ್ತದೆ ಅಂತೀರಿ! ಈ ವಿಷಯದಲ್ಲಿ ಪುಣೆಯವರದೇ ಸರಿ. ಕೂಸಿನ ಬೋರ್‌ನಹಾಣವನ್ನು, ಅಂದರೆ ನಮ್ಮ ಕರಿ ಎರೆಯುವುದನ್ನು, ರಥಸಪ್ತಮಿಯೊಳಗೆ ಯಾವತ್ತಾದರೂ ಮಾಡಬಹುದು ಅನ್ನುವುದೂ ನನಗೆ ಇಷ್ಟ. ಕೆಲಸಕ್ಕೆ ಹೋಗುವವರಿಗೆ ಅನುಕೂಲ ಅಲ್ವಾ?

ರೆಡಿಮೇಡ್ ಸೆಟ್ ಮಾತ್ರ ನನಗೆ ಒಗ್ಗಲಿಲ್ಲ. ಮಗಳ ಮೊದಲ ಸಂಕ್ರಾಂತಿಗೆ ನಾನೂ ಒಂದು ಅಂಗಡಿಯಿಂದ ತಂದಿದ್ದೆ. ರಟ್ಟಿಗೆ ಅಂಟು ಹಚ್ಚಿ ಕಾಳು ಕೂರಿಸಿದ್ದರು. ಕೂಸು ಸುಮ್ನೆ ಇರುತ್ತದಾ? ಕೊರಳಲ್ಲಿದ್ದದ್ದು ಬಾಯಿಗೆ ಹೋಯಿತು. ಬಾಯಿಂದ ತೆಗೆಯುವಷ್ಟರಲ್ಲಿ ನನ್ನ ಜೀವ ಅರ್ಧ ಹೋಗಿತ್ತು. ತಿನ್ನುವ ವಸ್ತುವಿನಿಂದ ಮಾಡಿದ ಒಡವೆ ಮಗು ತಿಂದರೆ ಹೆದರುವಂತಿರಬಾರದು.

ಈಗ ನಾನೇ ಮಾಡುತ್ತೇನೆ. ಒಳಗಿನ ಆಕಾರ ಹಿತ್ತಾಳೆ ತಂತಿಯದು. ಗೇಜ್ ನಂಬರ್ ಜಾಸ್ತಿಯಾದಷ್ಟೂ ತಂತಿ ತೆಳು. ವಂಕಿ, ಬಳೆಗೆ 20 ಗೇಜ್ ಬೇಕು, ಅಂದರೆ ಸುಮಾರು 0.8 ಮಿಲಿಮೀಟರ್. ಬಂಗಾರದ ಬಣ್ಣದ ಮಣಿ ಕಟ್ಟಲು 26 ಗೇಜ್ ಸಾಕು, ಅದು 0.4 ಮಿಲಿಮೀಟರ್. ದುಂಡು ಮೂತಿಯ ಇಕ್ಕಳದಿಂದ ತುದಿಯನ್ನು ಒಳಗೆ ಮಡಚಿ ಒತ್ತಬೇಕು, ಇಲ್ಲದಿದ್ದರೆ ಚುಚ್ಚುತ್ತದೆ. ಕೂಸಿನದಕ್ಕೆ ತಂತಿಯೂ ಬೇಡ, ಮಣಿಯೂ ಬೇಡ, ಬರೀ ದಾರ. ದೊಡ್ಡವರದಕ್ಕೆ ಮಣಿಗಳ ನಡುವೆ ಕುಸುರೆಳ್ಳನ್ನು ದಾರದಲ್ಲಿ ಗಂಟು ಹಾಕಿ ಬಿಗಿಯುತ್ತೇನೆ. ಹಬ್ಬ ಮುಗಿದ ಮೇಲೆ ದಾರ ಕತ್ತರಿಸುತ್ತೇನೆ. ತಂತಿ, ಮಣಿ ಒರೆಸಿ ಡಬ್ಬಿಗೆ. ಸಕ್ಕರೆ ತೇವ ಎಳೆದುಕೊಂಡು ಅಂಟಂಟಾಗುತ್ತದೆ, ಅದನ್ನು ಇಟ್ಟುಕೊಂಡು ಕೂರಬಾರದು.

ಮುತ್ತಿನ ಬಣ್ಣದ ಪ್ಲಾಸ್ಟಿಕ್ ಮಣಿ ಹಾಕಿದರೆ ವರ್ಷಗಟ್ಟಲೆ ಬರುತ್ತದೆ ಅಂತ ಇಲ್ಲಿನ ಗೆಳತಿಯರು ಹೇಳುತ್ತಾರೆ. ಬರುತ್ತದೆ, ನಿಜ. ಆದರೆ ಹಾಗಾದರೆ ಅದು ಯಾವ ದಿನದ್ದಾದರೂ ಒಡವೆ. ಕುಸುರೆಳ್ಳು ಆಗುವುದೇ ಈ ಚಳಿಯಲ್ಲಿ. ಶೇಗಡಿಯ ಸಣ್ಣ ಕೆಂಡದ ಮೇಲೆ ಪರಾತ ಇಟ್ಟು, ಎಳ್ಳಿಗೆ ಚಮಚ ಚಮಚ ಸಕ್ಕರೆ ಪಾಕ ಬಿಟ್ಟು, ಬೆರಳಲ್ಲೇ ಆಡಿಸುತ್ತಾ ಇರಬೇಕು. ಒಂದು ಸಲದ ಪಾಕ ಒಣಗಿದ ಮೇಲೆಯೇ ಮುಂದಿನದು. ಹೀಗೆ ದಿನಗಟ್ಟಲೆ. ಬೆಳಗಿನ ಜಾವದ ಒಣ ಚಳಿಗೆ ಮುಳ್ಳು ಏಳುತ್ತದೆ. "ಅವಸರ ಮಾಡಿದ್ರ ಮುಳ್ಳು ಬರಂಗಿಲ್ಲ" ಅನ್ನುತ್ತಿದ್ದಳು ಅವ್ವ.

ಹೋದ ವರ್ಷ ಮಗಳು ತಾನೂ ಕಟ್ಟುತ್ತೇನೆಂದು ಕೂತಳು. ಅಂಗಡಿಯ ಕಾಳು ನುಣ್ಣಗಿತ್ತು. ಎಷ್ಟು ಸುತ್ತಿದರೂ ದಾರ ಜಾರುತ್ತಿತ್ತು, ಅಳುವುದೊಂದೇ ಬಾಕಿ. ಈ ಸಲ ವಿಜಯಪುರಕ್ಕೆ ಫೋನ್ ಮಾಡಿ ಹೇಳಿದ್ದೇನೆ: ಅವ್ವಾ, ಜಾಸ್ತಿ ಬ್ಯಾಡ, ಪಾವ್ ಕಿಲೋ ಸಾಕು, ಮುಳ್ಳು ಚಲೋ ಇರಲಿ.