ಪಿ ಅಂಡ್ ಓ ಬಾವುಟ ತಲೆಕೆಳಗಾಗಿಲ್ಲ
ಒಂದು ಲೇಖನದ ಚಿತ್ರದಲ್ಲಿ ನೀಲಿ ಬಲಗಡೆ ಇದೆಯೆಂದು ಬ್ರಿಟಿಷ್ ಹಡಗು ಕಂಪನಿ ಪಿ ಅಂಡ್ ಓದ ಬಾವುಟವನ್ನು ಅದರ ಲೇಖಕರು ತಲೆಕೆಳಗು ಎಂದಿದ್ದಾರೆ. ಹಾಗೇನಿಲ್ಲ. ಅದರಲ್ಲಿ ನಾಲ್ಕು ತ್ರಿಕೋನ: ಮೇಲೆ ಬಿಳಿ, ಕೆಳಗೆ ಹಳದಿ, ಹಗ್ಗದ ಕಡೆ ನೀಲಿ, ಹಾರುವ ತುದಿಗೆ ಕೆಂಪು. ಹಿಂಬದಿಯಿಂದ ಫೋಟೊ ತೆಗೆದರೆ ನೀಲಿ ಬಲಕ್ಕೇ ಬರುತ್ತದೆ. ಹಳದಿ ಮೇಲೆ ಬಂದಿದ್ದರೆ ಮಾತ್ರ ತಪ್ಪು. ನೀಲಿ-ಬಿಳಿ ಆಗಿನ ಪೋರ್ಚುಗಲ್ ಬಾವುಟದ ಬಣ್ಣ, ಕೆಂಪು-ಹಳದಿ ಸ್ಪೇನಿನದು. 1837ರಲ್ಲಿ ಆ ಕಡೆಗೇ ಟಪಾಲು ಒಯ್ಯುತ್ತಿದ್ದ ಕಂಪನಿಯಲ್ಲವೇ!

ಕಪ್ಪು-ಬಿಳುಪು ಫೋಟೊಗಳಿಗೆ ಬಣ್ಣ ತುಂಬುವವರು ಇನ್ನೊಂದು ಗಮನಿಸಬೇಕು. ಹಳೆಯ ಗಾಜಿನ ಫಲಕಗಳು ಕೆಂಪು ಬೆಳಕನ್ನು ಹಿಡಿಯುತ್ತಲೇ ಇರಲಿಲ್ಲ, ನೀಲಿಯನ್ನು ಮಾತ್ರ ಚೆನ್ನಾಗಿ ಹಿಡಿಯುತ್ತಿದ್ದವು. ಅದಕ್ಕೇ ವೈಟ್ ಸ್ಟಾರ್ ಎಂಬ ಇನ್ನೊಂದು ಹಡಗು ಕಂಪನಿಯ ಕೆಂಪು ಬಾವುಟ ಕಪ್ಪಾಗಿ ಕಾಣುತ್ತದೆ, ಪಿ ಅಂಡ್ ಓ ಬಾವುಟದ ನೀಲಿ ಬಿಳಿಯ ಜೊತೆ ಬೆರೆತುಹೋಗುತ್ತದೆ. ಕಪ್ಪಾಗಿ ಕಂಡದ್ದನ್ನೆಲ್ಲ ಕಡುನೀಲಿ ಮಾಡಬೇಡಿ.