ನನ್ನ ಮುಖ ನನ್ನಿಷ್ಟ ಅಂದಿದ್ದ ಮಾವನಿಗೆ

ನಿನ್ನೆ ಒಂದು ಮದುವೆಗೆ ಹೋಗಿದ್ದೆ. ಊಟ ಚೆನ್ನಾಗಿತ್ತು, ಹೋಳಿಗೆ ಮೇಲೆ ತುಪ್ಪ ಕೇಳದೇ ಸುರಿದರು. ಆದರೂ ಹೊಟ್ಟೆಯುರಿ ಇಳಿದಿಲ್ಲ. ಈಗ ರಾತ್ರಿ ಹನ್ನೊಂದೂವರೆ, ಅಂಗಡಿ ಶಟರ್ ಎಳೆದು ಮನೆಗೆ ಬಂದು ಊಟಾನೂ ಮಾಡದೆ ಇದನ್ನ ಬರೀತಾ ಕೂತಿದ್ದೀನಿ. ಮದುವೆ ಯಾರದು, ಛತ್ರ ಯಾವುದು ಅಂತ ಹೇಳಲ್ಲ. ಗೊತ್ತಿದ್ದವರು ಕಾಮೆಂಟಿನಲ್ಲಿ ಪತ್ತೇದಾರಿಕೆ ಮಾಡಬೇಡಿ, ಕೈಮುಗಿದು ಕೇಳ್ಕೊಳ್ತೀನಿ.

ಅಕ್ಷತೆ ಬಿದ್ದ ಮೇಲೆ ಎಲ್ಲಾ ಕಡೆ ಇರೋ ಹಾಗೆ ಫೋಟೋ ಸಾಲು. ಗಂಡಿನ ಕಡೆ, ಹೆಣ್ಣಿನ ಕಡೆ, ಆಫೀಸಿನವರು, ಓಣಿಯವರು. ಆ ಸಾಲಲ್ಲಿ ನಮ್ಮ ನೆಂಟರ ಹುಡುಗಿಯೊಬ್ಬಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಎಲೆಹಸಿರು ಸೀರೆ, ಮಲ್ಲಿಗೆ ದಂಡೆ, ಮುಖಕ್ಕೆ ಬಿಳಿ ಎನ್95. ಇಡೀ ಛತ್ರದಲ್ಲಿ ಮಾಸ್ಕ್ ಹಾಕಿದ್ದವಳು ಅವಳೊಬ್ಬಳೇ. ವೇದಿಕೆ ಹತ್ತಿದ್ದೇ ತಡ, ನಮ್ಮ ಮನೆಯವರ ಸೋದರಮಾವ, ಅಲ್ಲಿಯವರೆಗೂ ಕರ್ಚೀಫಿಗೆ ಕೆಮ್ಮುತ್ತಾ ನಿಂತಿದ್ದವರು, ಶುರು ಹಚ್ಚಿಕೊಂಡ್ರು.

"ಏನವ್ವಾ, ಎಲ್ಲರನ್ನೂ ಬಿಟ್ಟು ಹೋದ ಕೊರೋನಾ ನಿನ್ನೊಬ್ಬಳನ್ನೇ ಹಿಡ್ಕಂಡೈತಾ? ತಗಿ ತಗಿ, ಮುಖ ಕಾಣ್ಲಿ."

ಹುಡುಗಿ ಕಣ್ಣಲ್ಲೇ ನಕ್ಕು "ಇರ್ಲಿ ಬಿಡಿ ತಾತ" ಅಂದಳು. ಫೋಟೋಗ್ರಾಫರು "ಮೇಡಂ, ಒಂದೇ ಒಂದು ಸೆಕೆಂಡ್" ಅಂದ. ಹಿಂದಿನಿಂದ ಯಾರೋ ಹೆಂಗಸು "ಮಂಗಳಕಾರ್ಯದಾಗೆ ಇದೇನು ಆಸ್ಪತ್ರೆ ವೇಷ" ಅಂದ್ರು. ಹುಡುಗಿ ಮತ್ತೆ ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ಮಾವ ನಗ್ತಾ ನಗ್ತಾ ಅವಳ ಕಿವಿ ಹತ್ತಿರ ಕೈ ಹಾಕಿ ದಾರ ಎಳೆದೇಬಿಟ್ರು. ಒಂದು ಕಡೆ ದಾರ ಬಿಚ್ಚಿ ಮಾಸ್ಕ್ ಇನ್ನೊಂದು ಕಿವಿಗೆ ಜೋತುಬಿತ್ತು. ಎಲ್ಲರೂ ನಕ್ಕರು. ಫ್ಲ್ಯಾಶ್ ಹೊಡೀತು. ಅವಳೂ ನಕ್ಕಳು, ಪಾಪ, ಇನ್ನೇನು ಮಾಡ್ತಾಳೆ?

ಮುಯ್ಯಿ ಕವರ್ ಹಿಡ್ಕೊಂಡು ಮೂರು ಮೆಟ್ಟಿಲು ಕೆಳಗೆ ನಿಂತಿದ್ದೆ ನಾನು. ಆ ಹುಡುಗಿಯ ತಾಯಿ ನನ್ನ ಕಡೆ ನೋಡಿದ್ರು. ಯಾಕೆ ನೋಡಿದ್ರು ಅಂತ ನನಗೆ ಗೊತ್ತು. ಆ ಹುಡುಗಿಯ ಔಷಧಿ ಚೀಟಿ ಪ್ರತಿ ತಿಂಗಳು ನನ್ನ ಮೆಡಿಕಲ್ ಶಾಪಿಗೇ ಬರೋದು. ಅವಳು ಯಾಕೆ ಜನಜಂಗುಳಿಯಲ್ಲಿ ಮಾಸ್ಕ್ ತೆಗೆಯಲ್ಲ ಅನ್ನೋದು ಆ ಛತ್ರದಲ್ಲಿ ಗೊತ್ತಿದ್ದದ್ದು ಮೂರೇ ಜನಕ್ಕೆ, ಅದರಲ್ಲಿ ನಾನೊಬ್ಬ. ಹೇಳೋ ಹಾಗಿಲ್ಲ. ಇಲ್ಲೂ ಹೇಳಲ್ಲ. ಮೆಡಿಕಲ್ ಶಾಪಿನವನು ಬಾಯಿ ಬಿಟ್ಟರೆ ಊರಲ್ಲಿ ಒಂದು ಮದುವೆಯೂ ನಡೆಯಲ್ಲ. ಆದರೆ ರೋಗದ ಹೆಸರು ಹೇಳದೆಯೂ "ಮಾವ, ಬಿಡಿ ಅವಳನ್ನ" ಅನ್ನಬಹುದಿತ್ತಲ್ಲ? ಅನ್ನಲಿಲ್ಲ. ಕವರ್ ಕೊಟ್ಟೆ, ಫೋಟೋಗೆ ಹಲ್ಲು ಕಿರಿದೆ, ಊಟದ ಹಾಲಿಗೆ ಹೋದೆ.

ಈಗ ಮಾವನ ಪೂರ್ವಾಶ್ರಮದ ಕತೆಗೆ ಬರ್ತೀನಿ. ಉರಿ ಇರೋದೇ ಅಲ್ಲಿ.

2020ರ ಅಕ್ಟೋಬರು. ಮಾಸ್ಕ್ ಹಾಕದವರಿಗೆ ನಗರಗಳಲ್ಲಿ ಸಾವಿರ ರೂಪಾಯಿ, ಹಳ್ಳಿ ಕಡೆ ಐನೂರು ದಂಡ ಅಂತ ಸರ್ಕಾರ ಹೇಳಿದ್ದು, ಜನ ಬೈದ ಮೇಲೆ ವಾರ ತುಂಬೋದ್ರೊಳಗೆ 250ಕ್ಕೆ, 100ಕ್ಕೆ ಇಳಿಸಿದ್ದು ನೆನಪಿರಬೇಕು. ಆ 250ರ ರಸೀದಿ ಹರಿಸಿಕೊಂಡವರಲ್ಲಿ ನಮ್ಮ ಮಾವನೂ ಒಬ್ಬರು. ನಮ್ಮ ದಾವಣಗೆರೆ ಗಡಿಯಾರ ಕಂಬದ ಹತ್ತಿರ ಅರ್ಧ ಗಂಟೆ ಪೊಲೀಸರ ಜೊತೆ ವಾದ ಮಾಡಿ, ಸೋತು, ದುಡ್ಡು ಕಟ್ಟಿ, ಅಲ್ಲಿಂದ ಸೀದಾ ನನ್ನ ಅಂಗಡಿಗೆ ಬಂದು ಕೌಂಟರ್ ಮೇಲೆ ರಸೀದಿ ಬಡಿದಿದ್ರು. "ನನ್ನ ಮುಖ, ನನ್ನ ಮೂಗು, ನನ್ನಿಷ್ಟ. ಮುಚ್ಕೋ ಅನ್ನಾಕೆ ಇವರ್ಯಾರು?" ಆ ರಸೀದಿ ಬಹಳ ದಿನ ಅವರ ಪರ್ಸಿನಲ್ಲಿತ್ತು. ಸ್ವಾತಂತ್ರ್ಯ ಹೋರಾಟಗಾರರ ತಾಮ್ರಪತ್ರದ ಹಾಗೆ ಮದುವೆ ಮುಂಜಿಯಲ್ಲೆಲ್ಲಾ ತೆಗೆದು ತೋರಿಸ್ತಿದ್ರು.

ನಾನೂ ಆಗ ಒಂದು ಮಟ್ಟಕ್ಕೆ ಒಪ್ಪಿದ್ದೆ. ನಿಯಮಗಳು ತಮಾಷೆಯಾಗೇ ಇದ್ದವು. ಹೋಟೆಲ್ ಬಾಗಿಲಿಂದ ಟೇಬಲ್‌ವರೆಗೆ ಮಾಸ್ಕ್, ಕೂತ ಮೇಲೆ ಬೆಣ್ಣೆದೋಸೆ ಮುಂದೆ ಮಾಸ್ಕ್ ಇಲ್ಲ. ನಿಂತವನಿಗೆ ಕಚ್ಚೋ ವೈರಸ್ಸು ಕೂತವನಿಗೆ ಕೈ ಮುಗೀತಿತ್ತಾ? ಕಾರಲ್ಲಿ ಒಬ್ಬನೇ ಇದ್ದರೂ ಹಾಕಲೇಬೇಕು ಅಂತ 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟೇ ಹೇಳಿತು. ಹತ್ತು ತಿಂಗಳಾದ ಮೇಲೆ ಅಲ್ಲಿನ ಸರ್ಕಾರವೇ ಅದನ್ನ ಕೈಬಿಟ್ಟಿತು. ದೊಡ್ಡವರ ವಿಷಯ ಕೇಳಲೇಬೇಡಿ. 2022ರ ಜನವರಿಯಲ್ಲಿ, ಮೂರನೇ ಅಲೆ ಏರ್ತಿರೋವಾಗ, ಸಚಿವರಾಗಿದ್ದ ಉಮೇಶ್ ಕತ್ತಿಯವರು ಮಾಸ್ಕ್ ಹಾಕೋದು ಬಿಡೋದು ಅವರವರಿಗೆ ಬಿಟ್ಟಿದ್ದು, ನನಗೆ ಬೇಡ ಅನಿಸಿತು, ಹಾಕಿಲ್ಲ ಅಂತ ಪತ್ರಕರ್ತರ ಮುಂದೆಯೇ ಹೇಳಿದ್ರು. ಅದೇ ತಿಂಗಳು ಇನ್ನೊಂದು ಪಕ್ಷದವರು ಮೇಕೆದಾಟು ಪಾದಯಾತ್ರೆ ಅಂತ ಸಂಗಮದಿಂದ ಹೊರಟು, ಹೈಕೋರ್ಟ್ ಗದರಿದ ಮೇಲೆ ರಾಮನಗರದಲ್ಲಿ ನಿಲ್ಲಿಸಿದ್ರು. ಇಷ್ಟೆಲ್ಲಾ ನೋಡಿದವನಿಗೆ 250 ರೂಪಾಯಿ ಕಟ್ಟುವಾಗ ಮೈ ಉರಿಯದೇ ಇರುತ್ತಾ? ಮಾವನ ಸಿಟ್ಟು ಅರ್ಥ ಆಗುತ್ತೆ.

ಅರ್ಥ ಆಗದೇ ಇರೋದು ನಿನ್ನೆಯದು. ನಿಮ್ಮ ಮುಖ ನಿಮ್ಮಿಷ್ಟ ಆದರೆ ಆ ಹುಡುಗಿಯ ಮುಖ ಯಾರ ಇಷ್ಟ, ಮಾವ?

"ಮುಚ್ಕೋ ಅನ್ನಾಕೆ ಇವರ್ಯಾರು" ಅಂದವರಿಗೆ "ತಗಿ" ಅನ್ನೋ ಅಧಿಕಾರ ಕೊಟ್ಟವರ್ಯಾರು? ಆ ಪೊಲೀಸನಾದರೂ ರಸೀದಿ ಹರಿದ, ಮೈ ಮುಟ್ಟಲಿಲ್ಲ. ನೀವು ಕಿವಿಗೇ ಕೈ ಹಾಕಿದ್ರಿ.

ಇದು ನಮ್ಮೂರಿನ ಹೊಸ ಕಾಯಿಲೆಯೇನಲ್ಲ ಅಂತಾನೂ ಗೊತ್ತು. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಸ್ಕ್ ಕಡ್ಡಾಯ ಮಾಡಿದ್ರು; ಹಾಕದವರಿಗೆ ಐದು ಡಾಲರ್ ದಂಡ, ಕೆಲವರಿಗೆ ಜೈಲು. ನವೆಂಬರಲ್ಲಿ ತೆಗೆದು, ಜನವರಿಯಲ್ಲಿ ಕಾಯಿಲೆ ಮತ್ತೆ ಏರಿದಾಗ ಮತ್ತೆ ಹಾಕಿ ಅಂದರೆ ಜನ ಮಾಸ್ಕ್ ವಿರೋಧಿ ಸಂಘವನ್ನೇ ಕಟ್ಟಿ ದೊಡ್ಡ ಸಭೆ ಸೇರಿದ್ರು. ವಾದವೆಲ್ಲಾ ನಮ್ಮ ಮಾವನದೇ, ಭಾಷೆ ಮಾತ್ರ ಇಂಗ್ಲಿಷು.

ಅದಕ್ಕೂ ಹಿಂದಿನದು ಇನ್ನೂ ಚೆನ್ನಾಗಿದೆ. 1910-11ರ ಚಳಿಗಾಲ, ಚೀನಾದ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು. ಪೆನಾಂಗಿನಲ್ಲಿ ಹುಟ್ಟಿದ ವು ಲಿಯೆನ್-ತೆ ಅನ್ನೋ ಆಗಷ್ಟೇ ಮೂವತ್ತು ದಾಟಿದ್ದ ಡಾಕ್ಟರು, ಇದು ಉಸಿರಿನಿಂದ ಹರಡ್ತಿದೆ, ಹತ್ತಿ ಇಟ್ಟ ಗಾಜ್ ಬಟ್ಟೆ ಮೂಗಿಗೆ ಕಟ್ಟಿ ಅಂದ. ಮೆನಿ ಅನ್ನೋ ಫ್ರೆಂಚ್ ಡಾಕ್ಟರು, ವಯಸ್ಸಲ್ಲಿ ಅನುಭವದಲ್ಲಿ ಹಿರಿಯ, ಈ ಹುಡುಗ ನನಗೇನು ಹೇಳಿಕೊಡೋದು ಅಂತ ಅವಮಾನ ಮಾಡಿ, ಮಾಸ್ಕ್ ಇಲ್ಲದೆ ರೋಗಿಗಳನ್ನ ನೋಡಲು ಹೋದ. ಕೆಲವೇ ದಿನದಲ್ಲಿ ಪ್ಲೇಗಿನಿಂದಲೇ ತೀರಿಕೊಂಡ. ಆಮೇಲೆ ಅಲ್ಲಿನ ಹಾರ್ಬಿನ್ ಊರಿಗೆ ಊರೇ ಮಾಸ್ಕ್ ಕಟ್ಟಿಕೊಳ್ತು. ಹಿರಿಯರ ಹಟಕ್ಕೆ ಇಷ್ಟು ನಗದು ಉತ್ತರ ಚರಿತ್ರೆಯಲ್ಲಿ ಅಪರೂಪ. (ಮಾವನಿಗೆ ಹಾಗೇನೂ ಆಗೋದು ಬೇಡಪ್ಪ. ಅವರದು ಇನ್ನೂ ಎರಡು ಸಾವಿರದ ನಾನೂರು ರೂಪಾಯಿ ನನ್ನ ಉದ್ರಿ ಪುಸ್ತಕದಲ್ಲಿದೆ.)

"ಮಾಸ್ಕಿಂದ ಏನೂ ಉಪಯೋಗ ಇಲ್ಲ ಅಂತ ಸಂಶೋಧನೆಯೇ ಹೇಳಿದೆಯಲ್ಲ ಸರ್" ಅಂತ ಒಬ್ಬರು ಕಾಮೆಂಟ್ ಹಾಕೇ ಹಾಕ್ತೀರಿ. ಯಾರು ಅಂತಾನೂ ಗೊತ್ತು. 2023ರಲ್ಲಿ ಬಂದ, ಹಲವು ವೈದ್ಯಕೀಯ ಪ್ರಯೋಗಗಳನ್ನ ಒಟ್ಟಿಗೆ ತೂಗಿ ನೋಡೋ ಕಾಕ್ರನ್ ಸಂಸ್ಥೆಯ ವಿಮರ್ಶೆ ತಾನೆ? ಅದನ್ನ ಹಾಗೆ ಓದೋದು ತಪ್ಪು ಅಂತ ಆ ಸಂಸ್ಥೆಯ ಪ್ರಧಾನ ಸಂಪಾದಕಿಯೇ ಆಮೇಲೆ ಸ್ಪಷ್ಟನೆ ಕೊಟ್ಟರು: ಜನಕ್ಕೆ ಮಾಸ್ಕ್ ಹಾಕಿ ಹಾಕಿ ಅಂತ ಪ್ರಚಾರ ಮಾಡಿದರೆ ಸೋಂಕು ಕಮ್ಮಿಯಾಗುತ್ತಾ ಅಂತ ನೋಡಿದ್ದು, ಖಚಿತ ಉತ್ತರ ಸಿಗಲಿಲ್ಲ, ಅಷ್ಟೇ. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರ ನಡುವೆ ಪ್ರಯೋಗ ಮಾಡಿದಾಗ, ಪುಕ್ಕಟೆ ಮಾಸ್ಕ್ ಕೊಟ್ಟು ನೆನಪಿಸಿದ ಕಡೆ ಹಾಕುವವರು ನೂರಕ್ಕೆ 13ರಿಂದ 42ಕ್ಕೆ ಏರಿದ್ರು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಲಕ್ಷಣವಿರೋ ಸೋಂಕು ನೂರಕ್ಕೆ 11ರಷ್ಟು ಕಮ್ಮಿ ಆಯ್ತು, ಅರವತ್ತು ದಾಟಿದವರಲ್ಲಿ 35ರಷ್ಟು. ಅದೂ ಅರ್ಧಕ್ಕರ್ಧ ಜನ ಹಾಕದೇ ಇದ್ದಾಗ. ಪವಾಡವಲ್ಲ, ಸೊನ್ನೆಯೂ ಅಲ್ಲ. ಕೊಡೆ ಹಿಡಿದರೂ ಕಾಲು ನೆನೆಯುತ್ತೆ ಅಂತ ಯಾರಾದರೂ ಕೊಡೆ ಬಿಸಾಕ್ತಾರಾ?

ಸರಿ, ಉಪಯೋಗ ಒಂದು ಚೂರೂ ಇಲ್ಲ ಅಂತಲೇ ಇಟ್ಕೊಳ್ಳಿ. ಹಣೆಗೆ ವಿಭೂತಿ, ಕೈಗೆ ದಾರ, ಕೊರಳಿಗೆ ತಾಯತ ಕಟ್ಟಿಕೊಂಡವರನ್ನ ಸಾಕ್ಷಿ ತೋರಿಸು ಅಂತ ಯಾರಾದರೂ ಕೇಳ್ತೀವಾ? ಅವಳು ಅದನ್ನ ತಾಯತ ಅಂತಲೇ ಕಟ್ಟಿಕೊಂಡಿರಲಿ. ನಿಮಗೇನು ಕಷ್ಟ? ಅವಳೇನಾದರೂ ನಿಮ್ಮ ಮೂಗು ಮುಚ್ಚಲು ಬಂದಳಾ?

ಅಷ್ಟೂ ದಿನ ಮಾಸ್ಕ್ ವಿರೋಧಿಸಿದವರಿಗೆ ಬೇಕಾಗಿದ್ದದ್ದು ಸ್ವಾತಂತ್ರ್ಯ ಅಂತ ನಂಬಿದ್ದೆ. ಅಲ್ಲ ಸ್ವಾಮಿ. ಎಲ್ಲರೂ ತಮ್ಮ ಹಾಗೇ ಕಾಣಬೇಕು, ಅಷ್ಟೇ. ಮಾಸ್ಕ್ ಹಾಕಿದವಳು ಒಬ್ಬಳು ಎದುರಿಗೆ ನಿಂತರೆ ಆ ಎರಡು ವರ್ಷ ನೆನಪಾಗುತ್ತೆ, ಅದು ಬೇಡ. ಅದೂ ಅರ್ಥ ಆಗುತ್ತೆ, ನಮ್ಮ ಓಣಿಯಲ್ಲೂ ಸಾವುಗಳಾದವು. ಆದರೆ ನೆನಪು ಬೇಡ ಅಂದರೆ ಕಣ್ಣು ಆ ಕಡೆ ತಿರುಗಿಸಬೇಕು, ಇನ್ನೊಬ್ಬರ ಕಿವಿಗೆ ಕೈ ಹಾಕೋದಲ್ಲ.

ಇಷ್ಟು ಬರೆದ ಮೇಲೆ ನನ್ನದೂ ಒಂದು ಹೇಳಿಬಿಡ್ತೀನಿ. ಐದು ವರ್ಷದಿಂದ ಒಳಗೇ ಇದೆ.

2020ರ ಮಾರ್ಚ್ ಮೊದಲ ವಾರ ನಾನೂ ಮೂರು ಪದರದ ಮಾಸ್ಕನ್ನ ಇಪ್ಪತ್ತೈದು ರೂಪಾಯಿಗೆ ಮಾರಿದ್ದೀನಿ. ಹೋಲ್‌ಸೇಲಿನವರೇ ಏರಿಸಿದ್ರು ಅಂತ ಸಮಜಾಯಿಷಿ ಇದೆ, ಪೂರ್ತಿ ನಿಜ ಅಲ್ಲ. ಮಾರ್ಚ್ 21ರ ಹೊತ್ತಿಗೆ ಕೇಂದ್ರ ಸರ್ಕಾರ ಹತ್ತು ರೂಪಾಯಿ ಮೀರಬಾರದು ಅಂತ ಕಟ್ಟು ಹಾಕಿದ ಮೇಲೆ ಇಳಿಸಿದೆ. ಅದು ವ್ಯಾಪಾರದ ಪಾಪ, ಹೋಗಲಿ. ಇನ್ನೊಂದಿದೆ.

ಲಾಕ್‌ಡೌನ್ ಹೊತ್ತಲ್ಲಿ ಹಳ್ಳಿಯಿಂದ ನಡೆದು ಬಂದ ಅಜ್ಜ ಒಬ್ಬರು, ಹೆಂಡತಿಯ ಬಿಪಿ ಗುಳಿಗೆ ಚೀಟಿ ಹಿಡಿದು ಹಗ್ಗದ ಆಚೆ ನಿಂತ್ರು. ಮಾಸ್ಕ್ ಇಲ್ಲ. ಮಾಸ್ಕ್ ಇಲ್ಲದಿದ್ರೆ ಕೊಡಲ್ಲ ಅಂದೆ. ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ಮೂಗು ಬಾಯಿಗೆ ಸುತ್ತಿ, ಹಿಂದೆ ಗಂಟು ಹಾಕಿ, "ಈಗ ಕೊಡಪಾ" ಅಂದ್ರು. ಮನೆಯ ಬಟ್ಟೆಯೇ ಕಟ್ಟಿಕೊಂಡರೂ ಸಾಕು ಅಂತ ಆರೋಗ್ಯ ಇಲಾಖೆ ಏಪ್ರಿಲ್ ಮೊದಲಲ್ಲೇ ಹೇಳಿತ್ತು. ನನಗೆ ಗೊತ್ತಿತ್ತು. ಆದರೂ ಹಿಂದೆ ಸಾಲಲ್ಲಿದ್ದವರ ಎದುರು ಮಾತು ಹಿಂದಕ್ಕೆ ತಗೊಳ್ಳೋಕೆ ನಾಚಿಕೆಯಾಗಿ, "ಟವೆಲ್ ನಡಿಯಲ್ಲ ಅಜ್ಜಾ, ಮಾಸ್ಕೇ ಬೇಕು" ಅಂದೆ. ಅಜ್ಜ ಒಂದು ಮಾಸ್ಕ್ ತಗೊಂಡು, ಉಳಿದ ದುಡ್ಡಿಗೆ ಎಷ್ಟು ಗುಳಿಗೆ ಬರುತ್ತೋ ಅಷ್ಟೇ ಕೊಡು ಅಂದ್ರು. ಎರಡು ಗುಳಿಗೆ ಕಮ್ಮಿ ಬಂತು. ಕತ್ತರಿ ತಗೊಂಡು ಪಟ್ಟಿಯಿಂದ ಆ ಎರಡು ಗುಳಿಗೆ ಕತ್ತರಿಸಿ ಡಬ್ಬಿಗೆ ವಾಪಸ್ ಹಾಕಿದ್ದು ಈ ಕೈಯೇ.

ಹಾಗಾಗಿ ಮಾವನನ್ನ ಬೈಯೋಕೆ ನನಗೆ ಯೋಗ್ಯತೆ ಇದೆಯಾ ಅಂತ ಕೇಳಿದ್ರೆ, ಗೊತ್ತಿಲ್ಲ. ಆದರೂ ಬೈತಿದ್ದೀನಿ.

ನಿನ್ನೆ ಊಟದ ಹಾಲಿನಲ್ಲಿ ಆ ಹುಡುಗಿ ಕೊನೇ ಸಾಲಿನ ತುದಿಗೆ, ಕಿಟಕಿ ಪಕ್ಕ ಕೂತಿದ್ದಳು. ಬ್ಯಾಗಿಂದ ಹೊಸ ಮಾಸ್ಕ್ ತೆಗೆದು ಮಡಿಲಲ್ಲಿ ಇಟ್ಕೊಂಡು, ಹೋಳಿಗೆ ಮುರಿದು ಗಬಗಬ ಅಂತ ತಿಂದು, ಪಾಯಸಕ್ಕೂ ಕಾಯದೆ ಎದ್ದಳು. ಕೈ ತೊಳೆಯೋ ಹತ್ತಿರ ಎದುರಾದಾಗ "ಅಣ್ಣಾ, ಈ ತಿಂಗಳದ್ದು ಬಂದೈತಾ?" ಅಂತ ಮಾತ್ರ ಕೇಳಿದಳು. ಬಂದಿದೆಯಮ್ಮ ಅಂದೆ.

ಇವತ್ತು ಸಂಜೆ ಮಾವ ಅಂಗಡಿಗೆ ಬಂದಿದ್ರು. ಕೆಮ್ಮು ಜೋರಾಗಿದೆ, ಮೈ ಕೈ ನೋವು ಬೇರೆ. ಕೌಂಟರ್ ಮೇಲೆ ಬಗ್ಗಿ ನನ್ನ ಮುಖಕ್ಕೇ ಎರಡು ಸಲ ಕೆಮ್ಮಿ, "ಹವಾ ಬದಲಾಗೈತಿ ನೋಡಪಾ, ಯಾವುದಾರ ಸ್ಟ್ರಾಂಗ್ ಸಿರಪ್ ಕೊಡು" ಅಂದ್ರು. ಡಾಕ್ಟರಿಗೆ ತೋರಿಸಿ ಮಾವ ಅಂದೆ, ಕೇಳಲಿಲ್ಲ. ಸಿರಪ್ ಕೊಟ್ಟೆ. ಪಕ್ಕದಲ್ಲಿ ಏನೂ ಮಾತಾಡದೆ ಒಂದು ಮಾಸ್ಕ್ ಇಟ್ಟು ಬಿಲ್ಲಿಗೆ ಐದು ರೂಪಾಯಿ ಸೇರಿಸಿದೆ.

ಮಾವ ಬಿಲ್ ನೋಡಿದ್ರು. ಮಾಸ್ಕನ್ನ ಎರಡು ಬೆರಳಲ್ಲಿ ನನ್ನ ಕಡೆ ತಳ್ಳಿದ್ರು. ಐದು ರೂಪಾಯಿ ಕಮ್ಮಿ ಮಾಡಿಸಿಕೊಂಡು, ಉಳಿದದ್ದನ್ನ ಉದ್ರಿ ಬರ್ಕೋ ಅಂದು ಹೋದ್ರು.