‘10 ಕಿ.ಮೀ. ಆಳ’ ಅಣು ಪರೀಕ್ಷೆಯ ಗುರುತಲ್ಲ

ಎಲ್ಲಾದರೂ ಭೂಮಿ ನಡುಗಿದರೆ ಸಾಕು, ‘ಆಳ ಬರೀ 10 ಕಿ.ಮೀ., ಇದು ಗುಟ್ಟಿನ ಅಣು ಪರೀಕ್ಷೆಯೇ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತದೆ. ಅನುಮಾನ ಸಹಜ. 1945ರಿಂದ ಈಚೆಗೆ 2,000ಕ್ಕೂ ಹೆಚ್ಚು ಪರೀಕ್ಷೆಗಳು ನಡೆದಿವೆ, ಹೆಚ್ಚಿನವು ನೆಲದಡಿಯಲ್ಲೇ.

ಆದರೆ 10 ಕಿ.ಮೀ. ಬಾಂಬಿಗೆ ತೀರಾ ಆಳ. 1974ರ ಪೋಖ್ರಾನ್ ಸ್ಫೋಟ ನಡೆದದ್ದು ಸುಮಾರು 107 ಮೀಟರ್ ಕೆಳಗೆ. ರಷ್ಯಾದ ಕೋಲಾದಲ್ಲಿ ಸಂಶೋಧನೆಗೆಂದು ಕೊರೆದ ರಂಧ್ರ 12 ಕಿ.ಮೀ. ದಾಟಿತು, ನಿಜ, ಅದಕ್ಕೆ ಹಿಡಿದದ್ದು ಸುಮಾರು 20 ವರ್ಷ, ಅದರ ಅಗಲ ಒಂದು ಗೇಣು! ಮೇಲಾಗಿ, ಆ ‘10’ ಎಷ್ಟೋ ಸಲ ಅಳತೆಯೇ ಅಲ್ಲ. ಆಳ ಖಚಿತವಾಗದಿದ್ದಾಗ ಲೆಕ್ಕಕ್ಕೆಂದು ಹಾಕುವ ಅಂಕಿ ಅದು.

ಪರೀಕ್ಷಿಸುವುದು ಹೇಗೆ? ಭೂಕಂಪದ ಜಾಲತಾಣದಲ್ಲಿ ಆ ಘಟನೆ ತೆರೆದು, ಆಳದ ಪಕ್ಕದಲ್ಲಿ ‘ನಿಗದಿತ’ ಎಂಬ ಸೂಚನೆ ಅಥವಾ ದೋಷದ ಅಂದಾಜು ಇದೆಯೇ ನೋಡಿ. ಆಮೇಲೆ ಕಂಪನದ ಗೆರೆಚಿತ್ರ. ಶಾಲೆಯಲ್ಲಾದರೆ ಒಂದು ಭೂಕಂಪದ್ದು, 2017ರ ಉತ್ತರ ಕೊರಿಯಾ ಪರೀಕ್ಷೆಯದ್ದು ಮುದ್ರಿಸಿ ಅಕ್ಕಪಕ್ಕ ಇಡಿ. ಸ್ಫೋಟ ಬಂಡೆಯನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ: ಮೊದಲು ತಲುಪುವ ಪಿ ಅಲೆ (ಹಿಂದುಮುಂದಕ್ಕೆ ತಳ್ಳುವ ಅಲೆ) ಚೂಪು, ಅದರ ಬೆನ್ನಿಗೆ ಬರುವ ಎಸ್ ಅಲೆ (ಅಡ್ಡಕ್ಕೆ ಅಲುಗಿಸುವ ಅಲೆ) ಸಣ್ಣದು. ಭೂಕಂಪದಲ್ಲಿ ಬಂಡೆಗಳು ಜಾರುವುದರಿಂದ ಎಸ್ ದೊಡ್ಡದು. ಒಂದೇ ಮಾಪನ ಕೇಂದ್ರದ ಗೆರೆ ನಂಬಬೇಡಿ, ಗಣಿ ಸ್ಫೋಟವೂ ಹೀಗೇ ಕಾಣಬಹುದು; ಮೂರ್ನಾಲ್ಕು ಕೇಂದ್ರ ಹೋಲಿಸಿ.

ಇಂಥ ಅಲೆಗಳನ್ನು ಬೇರ್ಪಡಿಸುವ ಕೆಲಸ ನಮ್ಮ ಗೌರಿಬಿದನೂರಿನ ಕಂಪನಮಾಪಕ ಸಾಲಿನಲ್ಲಿ 1960ರ ದಶಕದಿಂದಲೇ ನಡೆದಿದೆ.